ಸುಡದ ಮಣ್ಣು

2019ರಲ್ಲಿ ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟೆಲಾನ್ ಮಯಾಮಿಯ ಒಂದು ಕಲಾಮೇಳದಲ್ಲಿ ಬಾಳೆಹಣ್ಣನ್ನು ಟೇಪ್ ಹಚ್ಚಿ ಗೋಡೆಗೆ ಅಂಟಿಸಿದ. ಕೃತಿಯ ಹೆಸರು ‘ಕಮೀಡಿಯನ್’. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ 62 ಲಕ್ಷ ಡಾಲರ್ ಬಂತು. ಕೊಂಡವನು ಕೆಲವೇ ದಿನಗಳಲ್ಲಿ ಪತ್ರಕರ್ತರ ಮುಂದೆ ಹಣ್ಣು ಸುಲಿದು ತಿಂದೇಬಿಟ್ಟ. ಆ ವಾರ ಹಾಸ್ಟೆಲ್ ಗ್ರೂಪುಗಳಲ್ಲಿ ಓಡಾಡಿದ ಮೀಮುಗಳು ನಿಮಗೂ ನೆನಪಿರಬಹುದು. ನಕ್ಕದ್ದಾಯಿತು, ಈಗ ಒಂದು ಪ್ರಶ್ನೆ. ತಿಂದ ಮೇಲೆ ಅವನ ಹತ್ತಿರ ಉಳಿದದ್ದು ಏನು?

ಒಂದು ಪ್ರಮಾಣಪತ್ರ, ಮತ್ತೆ ಹಣ್ಣನ್ನು ಹೇಗೆ ಅಂಟಿಸಬೇಕು, ಹಳತಾದರೆ ಹೇಗೆ ಬದಲಿಸಬೇಕು ಅನ್ನೋ ಸೂಚನೆಗಳು. ಅವನು ಕೊಂಡದ್ದು ಹಣ್ಣನ್ನಲ್ಲ, ಮಾಡುವ ವಿಧಾನವನ್ನು. ಕಂಪ್ಯೂಟರ್ ಸೈನ್ಸಿನವರಿಗೆ ಬೇಗ ಹೊಳೆಯೋ ಹಾಗೆ ಹೇಳಬೇಕಂದ್ರೆ, ಬಿಲ್ಡ್ ಅಳಿಸಿಹೋದರೂ ಸೋರ್ಸ್ ಕೋಡ್ ಭದ್ರವಾಗಿದೆ. ಬೇಕಾದಾಗ ಮತ್ತೆ ಬಿಲ್ಡ್ ಮಾಡಬಹುದು.

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದವರು ಇದನ್ನು ಕೇಳಿ ದಂಗಾಗಬೇಕಾಗಿಲ್ಲ. ವರ್ಷಾ ವರ್ಷಾ ಮಾಡಿ, ಕೆಲವು ದಿನ ಇಟ್ಟುಕೊಂಡು, ಮತ್ತೆ ಮಣ್ಣಿಗೋ ನೀರಿಗೋ ಬಿಟ್ಟುಬಿಡುವ ರೂಪಗಳು ಅಲ್ಲಿ ಮನೆಮನೆಯಲ್ಲಿವೆ. ಅವನ್ನು ಯಾರೂ ಹರಾಜಿಗಿಡೋದಿಲ್ಲ, ಅಷ್ಟೆ. ಬೆಳೆಯುವ, ಬದಲಾಗುವ, ಕೊಳೆಯುವ ವಸ್ತುಗಳಲ್ಲಿ ಕೆಲಸ ಮಾಡುವ ಇವತ್ತಿನ ಕಲೆಯನ್ನು ಈ ಮೂರು ತಾಲ್ಲೂಕುಗಳ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಅನ್ನೋದು ಈ ಬರಹದ ವಿಷಯ. ಮಣ್ಣಿನ ಮೆಕ್ಯಾನಿಕ್ಸು ನಡುನಡುವೆ ಬರುತ್ತದೆ. ಸಿವಿಲ್‌ನವರು ಸಂತೋಷಪಡಲಿ, ಉಳಿದವರು ಸಹಿಸಿಕೊಳ್ಳಲಿ.

ಮೊದಲು ಹೊರಗಿನ ಕಥೆ, ಚುಟುಕಾಗಿ. ಯುರೋಪು, ಅಮೆರಿಕದ ಕಲಾಶಾಲೆಗಳಲ್ಲಿ ಶಿಲ್ಪ ಅಂದರೆ ಬಹುಕಾಲ ಕಂಚು, ಅಮೃತಶಿಲೆ, ಅಂದರೆ ಬಾಳಿಕೆ. 1960ರ ದಶಕದಲ್ಲಿ ಇದು ಸಡಿಲವಾಯಿತು. ಹಾನ್ಸ್ ಹಾಕೆ 1969ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನೊಳಗೆ ಮಣ್ಣಿನ ಗುಡ್ಡೆ ಹಾಕಿ ಹುಲ್ಲು ಬೆಳೆಸಿದ. ಆಗ್ನೆಸ್ ಡೆನೆಸ್ 1982ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ವರ್ಲ್ಡ್ ಟ್ರೇಡ್ ಸೆಂಟರಿನ ಪಕ್ಕದ ತುಂಬುಮಣ್ಣಿನ ಜಾಗದಲ್ಲಿ, ಎರಡು ಎಕರೆ ಗೋಧಿ ಬಿತ್ತಿ ಕೊಯ್ದಳು. ಷೇರುಪೇಟೆಯ ಕಟ್ಟಡಗಳ ನೆರಳಲ್ಲಿ ಗೋಧಿ ತೆನೆ! ಆಳಂದದ ರೈತನೊಬ್ಬನಿಗೆ ಎರಡು ಎಕರೆ ಅಂದರೆ ಸಣ್ಣ ಹಿಡುವಳಿ, ಆದರೆ ಆ ಜಾಗದ ಬೆಲೆ ನೆನೆದರೆ ಆಕೆ ಯಾಕೆ ಬಿತ್ತಿದಳು ಅಂತ ತಿಳಿಯುತ್ತದೆ.

ನಮ್ಮಲ್ಲಿ ಈ ಮಾತು ಬಂದಾಗ ಮೊದಲು ಹೇಳಬೇಕಾದ ಹೆಸರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಹತ್ತಿರ ಕಲಿತು, ಆಮೇಲೆ ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋದರು. ತೈಲವರ್ಣದಲ್ಲಿ ಚಿತ್ರ ಬರೀತಿದ್ದವರು 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಅದು ದೇಶದಲ್ಲಿ ಕೋಮುಗಲಭೆಗಳು ಹೊತ್ತಿದ ಕಾಲ. ಕ್ಯಾನ್ವಾಸಿನ ಮೇಲಿನ ಬಣ್ಣ ಸಾಲದು ಅನ್ನಿಸಿದ ಹೊತ್ತು. ಸಗಣಿ ನೆಲ ಸಾರಿಸೋದು, ಉರುವಲು, ಪೂಜೆಗೆ ಪವಿತ್ರ, ಕಾಲಿಗೆ ತಾಗಿದರೆ ಅಸಹ್ಯ, ರಾಜಕೀಯಕ್ಕೆ ಬಿಸಿ. ಇಷ್ಟು ಅರ್ಥ ಒಂದೇ ಮುದ್ದೆಯಲ್ಲಿ ಇರೋ ವಸ್ತು ಇನ್ನಾವುದಿದೆ? 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾದಲ್ಲಿ ತೋರಿಸಿದ ‘ಕೊಲ್ಯಾಟರಲ್’ ಕೃತಿಗೆ ಅವರು ಊದುಬತ್ತಿಯ ಹಿಟ್ಟನ್ನು ಲಟ್ಟಿಸಿ, ಆಕಾರ ಕೊಟ್ಟು, ಜಾಲರಿಯ ಮೇಲಿಟ್ಟು ಸುಟ್ಟರು. ನೋಡುಗರಿಗೆ ಸಿಕ್ಕಿದ್ದು ಬೂದಿ, ಅದೇ ಆಕಾರದಲ್ಲಿ ಹಾಗೇ ನಿಂತ ಬೂದಿ. ಒಬ್ಬರು ಜೋರಾಗಿ ಸೀನಿದರೆ ಮುಗೀತು.

ಈಗ ನಮ್ಮ ಎರಿ ಭೂಮಿಗೆ ಬರೋಣ.

ಕಾರ ಹುಣ್ಣಿಮೆಗೆ ನಿಜವಾದ ಎತ್ತುಗಳ ಸಂಭ್ರಮ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಸಾಮಾನ್ಯವಾಗಿ ಜೂನ್ ಇಲ್ಲವೇ ಜುಲೈ ತಿಂಗಳಲ್ಲಿ, ಮುಂಗಾರು ಬಿತ್ತನೆಯ ಹೊತ್ತಿಗೆ. ಹೊಲದ್ದೋ ಹಳ್ಳದ್ದೋ ಮಣ್ಣು ತಂದು, ನಾದಿ, ಒಂದು ಜೋಡಿ ಎತ್ತು ಮಾಡ್ತಾರೆ, ಮುಂದೊಂದು ಗೋದಲಿ. ಕೋಡು, ಹಿಣಿಲು, ಕಣ್ಣಿಗೆ ಕಾಳು. ಪೂಜೆ, ಹೋಳಿಗೆ, ಆಯಿತು. ಆಮೇಲೆ ಆ ಎತ್ತುಗಳು ಎಲ್ಲಿ ಹೋಗ್ತವೆ? ಕೆಲವು ಕಡೆ ಹಳ್ಳಕ್ಕೋ ಬಾವಿಗೋ ಬಿಡ್ತಾರೆ, ಕೆಲವು ಮನೆಗಳಲ್ಲಿ ಮಾಳಿಗಿ ಮ್ಯಾಲೆ ಇಟ್ಟುಬಿಡ್ತಾರೆ. ಮಳೆ ಬಂದಂತೆ ಕರಗಿ, ಮಾಳಿಗಿಯ ಮಣ್ಣಲ್ಲಿ ಮಣ್ಣಾಗ್ತವೆ. ಉತ್ತರ ಕರ್ನಾಟಕದಲ್ಲಿ ಮಳೆಗಾಲದ ಉದ್ದಕ್ಕೂ ಹೀಗೆ ಐದು ಮಣ್ಣಿನ ಪೂಜೆ ಅಂತ ಎಣಿಸೋದುಂಟು: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಐದನ್ನೂ ಸುಡೋದಿಲ್ಲ. ಅದೇ ಊರಲ್ಲಿ ಕುಂಬಾರರ ಆವಿಗೆ ಇದೆ, ಗಡಿಗೆ, ಮಗಿ, ಹಣತೆ ಎಲ್ಲ ಸುಟ್ಟೇ ಬರ್ತವೆ. ಸುಡೋ ವಿದ್ಯೆ ಗೊತ್ತಿಲ್ಲ ಅಂತಲ್ಲ, ಗೊತ್ತಿದ್ದೂ ಸುಡೋದಿಲ್ಲ. ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಇದು ಮರೆವಲ್ಲ, ಡಿಸೈನ್ ನಿರ್ಧಾರ.

ಯಾಕಂದ್ರೆ ಜೇಡಿಮಣ್ಣಿನ ಹರಳಿನ ರಚನೆಯಲ್ಲೇ ಹೈಡ್ರಾಕ್ಸಿಲ್ ಗುಂಪುಗಳು ಬೆಸೆದುಕೊಂಡಿರ್ತವೆ. ಬಿಸಿಲಲ್ಲಿ ಒಣಗಿಸಿದರೆ ಕಣಗಳ ನಡುವಿನ ನೀರು ಮಾತ್ರ ಹೋಗುತ್ತದೆ. ಮತ್ತೆ ನೀರು ಹಾಕಿದರೆ ಮತ್ತೆ ಕೆಸರು. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಚನೆಯೊಳಗಿನ ಹೈಡ್ರಾಕ್ಸಿಲ್ಲೂ ನೀರಾಗಿ ಹೊರಹೋಗುತ್ತದೆ. ಅಲ್ಲಿಂದ ಮುಂದೆ ಅದು ಮಣ್ಣಲ್ಲ, ಮಡಕೆ. ಸಾವಿರಾರು ವರ್ಷ ಹೂತಿಟ್ಟರೂ ಚೂರಾಗಿ ಸಿಗುತ್ತದೆಯೇ ಹೊರತು ಕರಗೋದಿಲ್ಲ. ಪುರಾತತ್ವದವರು ಬದುಕಿರೋದೇ ಇದರ ಮೇಲೆ. ಮಣ್ಣೆತ್ತು ಈ ಗೆರೆಯ ಈಚೆಗೇ ನಿಲ್ಲುತ್ತದೆ. ಹಿಂದಿರುಗುವ ದಾರಿ ತೆರೆದಿಟ್ಟುಕೊಂಡು ಮಾಡಿದ ವಸ್ತು ಅದು.

ಹೇಳಿಕೇಳಿ ನಮ್ಮದು ಕರಿಮಣ್ಣು. ಅದರಲ್ಲಿನ ಮಾಂಟ್‌ಮೊರಿಲೊನೈಟ್ ಅನ್ನೋ ಖನಿಜ ಪದರು ಪದರಾಗಿರುತ್ತದೆ, ಪದರುಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತದೆ, ಹೋದರೆ ಕುಗ್ಗುತ್ತದೆ. ಜೇವರ್ಗಿ ಕಡೆ ಏಪ್ರಿಲ್ ತಿಂಗಳಲ್ಲಿ ಹೊಲಕ್ಕೆ ಹೋದರೆ ಬಿರುಕಿನೊಳಗೆ ಕೈ ಇಳಿಯುತ್ತದೆ. ಸಿವಿಲ್ ಲ್ಯಾಬಿನಲ್ಲಿ ಫ್ರೀ ಸ್ವೆಲ್ ಇಂಡೆಕ್ಸ್ ಪರೀಕ್ಷೆ ಮಾಡಿದವರಿಗೆ ಗೊತ್ತು: ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಸಿಲಿಂಡರಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆ ಧ್ರುವೀಯ ದ್ರವ ಅಲ್ಲ, ಪದರಿನೊಳಗೆ ಹೋಗೋದಿಲ್ಲ, ಮಣ್ಣು ಸುಮ್ಮನೆ ಕೂತಿರುತ್ತದೆ. ನೀರಿನದ್ದು ಮರುದಿನಕ್ಕೆ ಉಬ್ಬಿ ಮೇಲೆ ಬಂದಿರುತ್ತದೆ. ಎರಡರ ವ್ಯತ್ಯಾಸವೇ ಲೆಕ್ಕ. ನಮ್ಮ ಭಾಗದ ರಸ್ತೆಗಳು ಯಾಕೆ ಹಾಗಿವೆ ಅನ್ನೋದಕ್ಕೆ ಒಂದು ಕಾರಣ ಇದು. (ಉಳಿದ ಕಾರಣಗಳು ಸಿಲಬಸ್ಸಿನಲ್ಲಿಲ್ಲ.)

ಇಂಥ ಮಣ್ಣಲ್ಲಿ ಎತ್ತು ಮಾಡೋದು ಸುಲಭ ಅಲ್ಲ. ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಮೇಲ್ಪದರದಲ್ಲಿ ಎಳೆತ ಹುಟ್ಟಿ ಬಿರುಕು. ದಪ್ಪ ಹೊಟ್ಟೆಗೆ ತೆಳು ಕಾಲು ಸೇರಿದ ಜಾಗದಲ್ಲಂತೂ ಎರಡು ಬೇರೆ ಬೇರೆ ವೇಗದಲ್ಲಿ ಒಣಗಿ ಕಾಲು ಕಳಚಿ ಬೀಳುತ್ತದೆ. ಮಣ್ಣೆತ್ತಿನ ಕಾಲು ಯಾಕೆ ಅಷ್ಟು ಗಿಡ್ಡ, ಅಷ್ಟು ದಪ್ಪ, ಕಂಬದ ಹಾಗೆ? ಮಾಡಿದವರಿಗೆ ಎತ್ತಿನ ಅಂಗರಚನೆ ಗೊತ್ತಿಲ್ಲ ಅಂತಲ್ಲ. ದಿನಾ ಮೈ ತೊಳೆದವರಿಗೆ ಅದು ಗೊತ್ತಿರದೇ ಇರ್ತದಾ? ಮಣ್ಣಿನ ಎಳೆತ ತಡೆಯೋ ಶಕ್ತಿ ತೀರಾ ಕಡಿಮೆ, ಒತ್ತಡ ತಡೆಯೋ ಶಕ್ತಿ ಇದ್ದುದರಲ್ಲಿ ವಾಸಿ. ಆಕಾರವನ್ನು ಅರ್ಧ ಕೈ ಕೊಟ್ಟರೆ ಇನ್ನರ್ಧ ವಸ್ತು ಕೊಡುತ್ತದೆ. ನೆರಳಲ್ಲಿ ಒಣಗಿಸೋದು, ಲದ್ದಿಯನ್ನೋ ಬೂದಿಯನ್ನೋ ಸಣ್ಣ ಮರಳನ್ನೋ ಕಲಸೋದು ಎಲ್ಲ ಇದೇ ಸಮಸ್ಯೆಗೆ ಉತ್ತರಗಳು. ಲದ್ದಿಯ ನಾರು ಬಿರುಕಿನ ಎರಡು ದಡವನ್ನು ಹಿಡಿದಿಡುತ್ತದೆ. ನಿಮ್ಮ ಫೈಬರ್ ರೀಇನ್‌ಫೋರ್ಸ್ಡ್ ಕಾಂಕ್ರೀಟಿನ ತತ್ವ ಇದೇ.

ಸಗಣಿಗೂ ಅದೇ ಗುಣ. ದೀಪಾವಳಿಯ ಪಾಡ್ಯಕ್ಕೆ ನಮ್ಮ ಕಡೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂವು ಸಿಗಿಸಿ ಬಾಗಿಲಲ್ಲಿ ಕೂಡಿಸ್ತಾರೆ. ಒಣಗಿದ ಮೇಲೆ ಅವೂ ಕುಳ್ಳೇ. ಶೀಲಾ ಗೌಡರ ಕೃತಿ ಕಂಡು ‘ಸಗಣಿಯಲ್ಲಿ ಏನು ಕಲೆ’ ಅಂತ ಕೇಳುವವರು ಒಂದು ಪಾಡ್ಯದ ದಿನ ಹಳ್ಳಿಗೆ ಹೋಗಿ ಬಂದರೆ ಆ ಪ್ರಶ್ನೆಯೇ ಬೇರೆ ಆಗಬಹುದು.

ಜೋಕುಮಾರನದ್ದು ಇನ್ನೂ ಕಟುವಾದ ಕಥೆ. ಗಣಪ ಹೋದ ಮೇಲೆ ಭಾದ್ರಪದ ಅಷ್ಟಮಿಗೆ ಹುಟ್ಟಿ, ಏಳು ದಿನ ಬದುಕಿ, ಹುಣ್ಣಿಮೆಯ ರಾತ್ರಿ ಸಾಯುವ ದೇವರು. ಹಸಿ ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ, ಬುಟ್ಟಿಯ ತುಂಬ ಬೇವಿನ ಸೊಪ್ಪು. ಅಂಬಿಗರ ಮನೆತನದ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಹಾಡು ಹೇಳ್ತಾ ಮನೆಮನೆಗೆ ಬರ್ತಾರೆ. ಜೋಳ ಕೊಟ್ಟರೆ ಬೇವು, ನುಚ್ಚು ತಿರುಗಿ ಕೊಡ್ತಾರೆ, ರೈತರು ಅದನ್ನ ಹೊಲಕ್ಕೆ ಚೆಲ್ತಾರೆ. ಕೊನೆಗೆ ಅಗಸರ ಬಂಡೆಯ ಹತ್ತಿರ ಒಯ್ದು ಒನಕೆಯಿಂದ ಒಡೆದು ಹಾಕ್ತಾರೆ. ಅವನು ಸತ್ತು ಮೇಲೆ ಹೋಗಿ, ಭೂಮಿಯ ಸ್ಥಿತಿ ಶಿವನಿಗೆ ಹೇಳಿ ಮಳೆ ತರಿಸ್ತಾನಂತ ನಂಬಿಕೆ. ಗಣಪತಿಯೂ ಮಣ್ಣೇ, ಆದರೆ ಗಣಪತಿ ಬರೀ ಉಂಡು ಹೋದ, ಇಲ್ಲಿನ ಕಷ್ಟ ಹೇಳಲಿಲ್ಲ ಅನ್ನೋ ಒಂದು ತಮಾಷೆಯ ದೂರೂ ಜನರಲ್ಲಿದೆ. ಇಲ್ಲಿ ಒಡೆಯೋದು ಕೃತಿಗೆ ಆದ ಹಾನಿ ಅಲ್ಲ, ಅದೇ ಕೃತಿಯ ಕೊನೆಯ ಹಂತ. ಒಡೆಯದ ಜೋಕುಮಾರ ಅಂದರೆ ಮುಗಿಯದ ಜೋಕುಮಾರ. ಅವನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರೆ ಮ್ಯೂಸಿಯಮ್ಮಿಗೆ ಒಂದು ವಸ್ತು ಸಿಗುತ್ತದೆ, ಆದರೆ ಜೋಕುಮಾರ ಸಿಗೋದಿಲ್ಲ.

ಕರಗೋದು, ಒಡೆಯೋದು ಆಯಿತು. ಬೆಳೆಯೋದು? ಅದಕ್ಕೆ ಮಹಾನವಮಿಯ ಘಟ್ಟ ಇದೆ.

ಪಾಡ್ಯದ ದಿನ ಹೊಲದ ಮಣ್ಣು ತಂದು, ಪತ್ರಾವಳಿಯ ಮೇಲೆ ಹರಡಿ, ಐದು ತರಹದ ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಡ್ತಾರೆ. ಅಫಜಲಪುರದ ಕಡೆ ಘತ್ತರಗಿ ಭಾಗ್ಯವಂತಿಯ ಒಕ್ಕಲು ಇರಲಿ, ಆಳಂದದ ಹಾದಿ ಹಿಡಿದು ತುಳಜಾಪುರಕ್ಕೆ ನಡೆದು ಹೋಗುವ ಅಂಬಾಭವಾನಿಯ ಭಕ್ತರಿರಲಿ, ಗಡಿಯಾಚೆ ಮಹಾರಾಷ್ಟ್ರದವರಿರಲಿ, ಈ ಪದ್ಧತಿ ಎಲ್ಲರದ್ದೂ. ಈ ಗಡಿಗೆ ಸುಟ್ಟದ್ದು, ಆದರೆ ಊರಿನ ಆವಿಗೆಯ ಕಡಿಮೆ ಕಾವಿಗೆ ಸುಟ್ಟದ್ದು. ಹಾಗಾಗಿ ಮೈತುಂಬ ಸಣ್ಣ ರಂಧ್ರ. ನೀರು ಜಿನುಗಿ, ಸುತ್ತಲಿನ ಮಣ್ಣು ಎಷ್ಟು ಎಳೆಯುತ್ತದೋ ಅಷ್ಟು ಹೋಗುತ್ತದೆ. ಮಣ್ಣು ಒಣಗಿದಷ್ಟೂ ಎಳೆತ ಹೆಚ್ಚು, ಹಸಿಯಾದಷ್ಟೂ ಕಡಿಮೆ. ಸೆನ್ಸರ್ ಇಲ್ಲ, ವಾಲ್ವ್ ಇಲ್ಲ, ಆದರೂ ಫೀಡ್‌ಬ್ಯಾಕ್ ಕಂಟ್ರೋಲ್ ಇದೆ. ಗಡಿಗೆ ಹೂತು ನೀರುಣಿಸುವ ಒಣಬೇಸಾಯದ ಪದ್ಧತಿಯ ತತ್ವವೂ ಇದೇ.

ಒಂಬತ್ತು ದಿನಕ್ಕೆ ಸಸಿ ಗೇಣುದ್ದ ಬರ್ತವೆ. ಬಣ್ಣ ಹಸಿರಲ್ಲ, ಅರಿಶಿನದಂಥ ತಿಳಿ ಹಳದಿ. ದೇವರ ಮನೆಯ ಕತ್ತಲಲ್ಲಿ ಬೆಳಕು ಸಾಲದೆ ಕ್ಲೋರೋಫಿಲ್ ಪೂರ್ತಿ ತಯಾರಾಗೋದಿಲ್ಲ. ಅದರ ಹಿಂದಿನ ಹಂತದ ವಸ್ತು ಇರುತ್ತದೆ, ಬೆಳಕು ಬಿದ್ದರೆ ಮಾತ್ರ ಮುಂದಿನ ಹಂತಕ್ಕೆ ದಾಟುತ್ತದೆ. ಬೆಳಕು ಹುಡುಕಿಕೊಂಡು ಸಸಿ ತೆಳ್ಳಗೆ ಉದ್ದ ಏರುತ್ತದೆ. ದಸರೆಯ ದಿನ ಅದನ್ನು ಕಿತ್ತು ರುಮಾಲಿಗೆ, ಟೋಪಿಗೆ, ತುರುಬಿಗೆ ಸಿಗಿಸಿಕೊಳ್ತಾರೆ. ಯಾವ ಕಾಳು ಹುಲುಸಾಗಿ ಬಂತೋ ಆ ಬೆಳೆ ಈ ಸಲ ಚೆನ್ನಾಗಿ ಬರ್ತದೆ ಅಂತ ಹಿರಿಯರು ಹೇಳ್ತಾರೆ. ಹಿಂಗಾರಿ ಜೋಳ ಬಿತ್ತೋದು ಸರಿಯಾಗಿ ಇದೇ ಹೊತ್ತಿಗೆ. ಮನೆಯಲ್ಲೇ ಎತ್ತಿಟ್ಟ ಬೀಜ ಮೊಳೆಯುತ್ತದೋ ಇಲ್ಲವೋ ಅನ್ನೋ ಪರೀಕ್ಷೆ ಒಂದು ಕಾಲಕ್ಕೆ ಇದರೊಳಗೇ ಅಡಗಿತ್ತೇನೋ. ಇದು ನನ್ನ ಊಹೆ, ಕೃಷಿ ವಿಜ್ಞಾನದ ಗೆಳೆಯರು ತಿದ್ದಲಿ.

ಸಸಿಗಳಿಂದಲೇ ಕೆಲಸ ಮಾಡಿಸಿಕೊಂಡ ಸಮಕಾಲೀನ ಕೃತಿಯೊಂದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಮೆಲ್ ಚಿನ್, 1991ರಲ್ಲಿ ಮಿನ್ನೆಸೋಟಾದ ಪಿಗ್ಸ್ ಐ ಅನ್ನೋ ಕಸದ ತಿಪ್ಪೆಯ ಮೇಲೆ ‘ರಿವೈವಲ್ ಫೀಲ್ಡ್’ ಶುರುಮಾಡಿದ. ಜೊತೆಗೆ ರೂಫಸ್ ಚೇನಿ ಅನ್ನೋ ಕೃಷಿ ವಿಜ್ಞಾನಿ. ಸತು, ಕ್ಯಾಡ್ಮಿಯಂಗಳನ್ನು ಬೇರಿನಿಂದ ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುವ ಗಿಡಗಳನ್ನು ಬೇಲಿ ಹಾಕಿದ ಜಾಗದಲ್ಲಿ ನೆಟ್ಟರು. ಬೆಳೆದ ಗಿಡ ಕೊಯ್ದು ಸುಟ್ಟರೆ ಬೂದಿಯಲ್ಲಿ ಲೋಹ. ಅವನ ಪ್ರಕಾರ ಇದು ಶಿಲ್ಪವೇ: ಕಲ್ಲಿನಿಂದ ಬೇಡದ್ದನ್ನು ಕೆತ್ತಿ ತೆಗೆಯುವ ಹಾಗೆ, ಮಣ್ಣಿನಿಂದ ವಿಷವನ್ನು ತೆಗೆಯೋದು. ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗಿನಲ್ಲಿ ನಾವು ಫೈಟೊರೆಮಿಡಿಯೇಷನ್ ಅಂತ ಓದೋದು ಇದನ್ನೇ.

ಹಾಗಾದರೆ ಮಣ್ಣೆತ್ತೂ ‘ರಿವೈವಲ್ ಫೀಲ್ಡ್’ ಎರಡೂ ಒಂದೇನಾ? ನನಗೆ ಹಾಗನ್ನಿಸೋದಿಲ್ಲ. ‘ನಮ್ಮಲ್ಲಿ ಇದೆಲ್ಲ ಮೊದಲೇ ಇತ್ತು’ ಅಂತ ಎದೆ ತಟ್ಟಿಕೊಳ್ಳೋ ಬರಹ ಇದಾಗಬಾರದು. ಕಲಾವಿದೆ ಸಗಣಿಯನ್ನು ಆರಿಸಿಕೊಳ್ಳುತ್ತಾಳೆ, ಬೇರೆಯದನ್ನೂ ಆರಿಸಬಹುದಿತ್ತು. ಅಂಬಿಗರ ಹೆಣ್ಣುಮಗಳು ಜೋಕುಮಾರನ ಬುಟ್ಟಿ ಹೊರೋದು ಆಯ್ಕೆಯೋ, ಹುಟ್ಟಿನಿಂದ ಬಂದ ಹೊಣೆಯೋ? ಒಬ್ಬರ ಹೆಸರು ಗೋಡೆಯ ಮೇಲೆ ಅಚ್ಚಾಗುತ್ತದೆ, ಇನ್ನೊಬ್ಬರಿಗೆ ಸಿಗೋದು ಮೊರದ ಜೋಳ. ಎತ್ತು ಮಾಡಿದ ಕುಂಬಾರರ ಹೆಸರು ಕೇಳಿದವರುಂಟೆ? ಈ ವ್ಯತ್ಯಾಸವನ್ನು ‘ಜಾನಪದ’ ಅನ್ನೋ ಒಂದು ಪದದಿಂದ ಮುಚ್ಚಿಹಾಕೋದು ಸರಿಯಲ್ಲ.

ಆದರೆ ಒಂದು ಸಮಸ್ಯೆ ಎರಡು ಕಡೆಯೂ ಒಂದೇ. ಕೃತಿ ಉಳಿಯೋದಿಲ್ಲ ಅಂದಮೇಲೆ ಉಳಿಸಬೇಕಾದ್ದು ಏನು? ಜೇವರ್ಗಿ ದಾಟಿ ಭೀಮೆಯ ಜೊತೆಗೇ ಕೆಳಗೆ ಹೋದರೆ ಸನ್ನತಿ, ಕನಗನಹಳ್ಳಿ. ಅಶೋಕನ ಹೆಸರು ಕೆತ್ತಿದ ಕಲ್ಲಿನ ಉಬ್ಬುಶಿಲ್ಪ ಅಲ್ಲಿ ಮಣ್ಣಿನಡಿ ಶತಮಾನಗಟ್ಟಲೆ ಸುಮ್ಮನೆ ಕಾಯ್ದು ಕೂತಿತ್ತು. ನಡುವೆ ಎಲ್ಲರೂ ಮರೆತರೂ ನಡೆಯಿತು. ಮಣ್ಣೆತ್ತಿಗೆ ಆ ಅನುಕೂಲ ಇಲ್ಲ. ಒಂದು ತಲೆಮಾರು ಕೈಬಿಟ್ಟರೆ ಅಗೆದು ತೆಗೆಯೋದಕ್ಕೆ ಏನೂ ಇರೋದಿಲ್ಲ. ಮಣ್ಣು ಎಲ್ಲಿಂದ ತರಬೇಕು, ಎಷ್ಟು ನಾದಬೇಕು, ಏನು ಕಲಸಬೇಕು, ಯಾವ ನೆರಳಲ್ಲಿ ಎಷ್ಟು ದಿನ. ಇದೆಲ್ಲ ಇರೋದು ಕೈಯಲ್ಲಿ ಮಾತ್ರ. ಹೊಲಕ್ಕೆ ಟ್ರ್ಯಾಕ್ಟರ್ ಬಂದು ಕೊಟ್ಟಿಗೆ ಖಾಲಿಯಾದ ಮನೆಗಳಲ್ಲಿ ಮಕ್ಕಳು ಎತ್ತನ್ನು ನೋಡದೆಯೇ ಎತ್ತು ಮಾಡಬೇಕಾಗಿದೆ. ಆಗ ಸಂತೆಯಲ್ಲಿ ಅಚ್ಚಿನಿಂದ ಎರಕ ಹೊಯ್ದು ಬಣ್ಣ ಬಳಿದ ಜೋಡಿ ತರೋದೇ ಸುಲಭ ಅನ್ನಿಸುತ್ತದೆ.

ಆ ಜೋಡಿ ಪ್ಲಾಸ್ಟರ್ ಆಫ್ ಪ್ಯಾರಿಸಿನದಾದರೆ ರಸಾಯನಶಾಸ್ತ್ರವೇ ಬೇರೆ. ಮಣ್ಣು ‘ಒಣಗುತ್ತದೆ’, ಪ್ಲಾಸ್ಟರ್ ‘ಕೂಡಿಕೊಳ್ಳುತ್ತದೆ’. ಅದು ನೀರನ್ನು ತನ್ನ ಹರಳಿನೊಳಗೆ ಸೇರಿಸಿಕೊಂಡು ಜಿಪ್ಸಂ ಆಗುತ್ತದೆ. ಜಿಪ್ಸಂ ನೀರಲ್ಲಿ ಕರಗೋದು ಲೀಟರಿಗೆ ಸುಮಾರು ಎರಡು ಗ್ರಾಂ ಮಾತ್ರ. ಬಾವಿಗೆ ಬಿಟ್ಟರೆ ತಿಂಗಳುಗಟ್ಟಲೆ ತಳದಲ್ಲಿ ಕೂತಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಪಿಒಪಿ ಮೂರ್ತಿ ಬೇಡ ಅಂದದ್ದು ಇದಕ್ಕೇ. ಇನ್ನೊಂದು ಮಾತು ಅಷ್ಟಾಗಿ ಯಾರೂ ಹೇಳೋದಿಲ್ಲ: ‘ಮಣ್ಣಿನದ್ದೇ’ ಅಂತ ಹೇಳಿ ಮಾರುವ ಮೂರ್ತಿಗೂ ಎನಾಮೆಲ್ ಬಣ್ಣ ಬಳಿದಿದ್ದರೆ ಅದೂ ಬೇಗ ಕರಗೋದಿಲ್ಲ. ಬಣ್ಣದ ಪೊರೆ ನೀರನ್ನು ಒಳಗೆ ಬಿಡೋದಿಲ್ಲ. ಮಣ್ಣಾಗಿದ್ದರೆ ಸಾಲದು, ಮೈ ಬಿಚ್ಚಿರಬೇಕು. ಅಮರ್ಜಾ ಹರಿದು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನೇ ಸೇರುತ್ತದೆ, ಕಲಬುರಗಿ ನಗರ ಕುಡಿಯೋದೂ ಭೀಮೆಯ ನೀರನ್ನೇ.

ನಮ್ಮಂಥವರು ಮಾಡಬಹುದಾದ್ದು ಇಲ್ಲಿದೆ. ಫೋಟೊ ತೆಗೆದು ಹಾಕೋದು ಎಲ್ಲರೂ ಮಾಡ್ತಾರೆ. ಫೋಟೊದಿಂದ ಎತ್ತು ಮತ್ತೆ ಹುಟ್ಟೋದಿಲ್ಲ. ಈ ರಜೆಗೆ ಊರಿಗೆ ಹೋದಾಗ ಮಾಡೋರ ಹತ್ತಿರ ಕೂತು ವಿಧಾನ ಬರೆದುಕೊಳ್ಳಿ, ಅವರು ಒಪ್ಪಿದರೆ ಅವರ ಹೆಸರಿನ ಸಮೇತ. ‘ಸ್ವಲ್ಪ’, ‘ಹದಕ್ಕೆ’ ಅಂತ ಅವರು ಅಂದಲ್ಲೆಲ್ಲ ನಿಲ್ಲಿಸಿ ಅಳತೆ ತೆಗೆಯಿರಿ: ಒಂದು ಬುಟ್ಟಿ ಮಣ್ಣಿಗೆ ಎಷ್ಟು ಲದ್ದಿ, ಎಷ್ಟು ನೀರು. ಬೈಸಿಕೊಳ್ಳಬೇಕಾಗಬಹುದು. ‘ಕೈಗೆ ತಿಳೀತದ ತಮ್ಮಾ, ಬರಕೊಂಡು ಏನ್ ಮಾಡ್ತಿ’ ಅನ್ನೋ ಮಾತಿಗೆ ತಯಾರಾಗಿರಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇರೋದು ಆಳಂದ ತಾಲ್ಲೂಕಿನಲ್ಲೇ, ಅಲ್ಲಿ ಓದುವ ಗೆಳೆಯರಿದ್ದರೆ ಜೊತೆಗೂಡಬಹುದು.

ಅಷ್ಟು ದೂರ ಹೋಗಲಾಗದವರಿಗೆ ಹಾಸ್ಟೆಲಿನಲ್ಲೇ ಒಂದು ಪ್ರಯೋಗ. ಎರಿ ಮಣ್ಣು ತಂದು ಜರಡಿ ಹಿಡಿದು, ಒಂದೇ ಅಳತೆಯ ನಾಲ್ಕು ಎತ್ತು ಮಾಡಿ. ಒಂದನ್ನು ನೆರಳಲ್ಲಿ ಪೂರ್ತಿ ಒಣಗಿಸಿ. ಎರಡನೆಯದನ್ನು ಒದ್ದೆ ಬಟ್ಟೆ ಮುಚ್ಚಿ ಅರೆಹಸಿಯಾಗಿಡಿ. ಮೂರನೆಯದನ್ನು ಒಣಗಿಸಿ ಎನಾಮೆಲ್ ಬಳಿಯಿರಿ. ನಾಲ್ಕನೆಯದಕ್ಕೆ ಲದ್ದಿ ಕಲಸಿ ಒಣಗಿಸಿ. ನಾಲ್ಕು ಬಕೆಟ್ ನೀರು, ಒಂದು ಟೈಮರ್. ಹಸಿಯದು ಮೊದಲು ಕರಗುತ್ತದೆ ಅಂತ ಹೆಚ್ಚಿನವರು ಬೆಟ್ ಕಟ್ಟುತ್ತಾರೆ, ಸೋಲುತ್ತಾರೆ. ಪೂರ್ತಿ ಒಣಗಿದ್ದು ನೀರನ್ನು ಸರ್ರನೆ ಎಳೆದುಕೊಳ್ಳುತ್ತದೆ, ಒಳಗೆ ಸಿಕ್ಕಿಬಿದ್ದ ಗಾಳಿ ಒತ್ತಡಕ್ಕೊಳಗಾಗಿ ಗುಳ್ಳೆಗುಳ್ಳೆಯಾಗಿ ಮಣ್ಣನ್ನು ಸಿಡಿಸಿಕೊಂಡು ಹೊರಬರುತ್ತದೆ, ಕೆಲವೇ ನಿಮಿಷದಲ್ಲಿ ಎತ್ತು ಕುಸಿದು ಕೂರುತ್ತದೆ. ಅರೆಹಸಿಯದರಲ್ಲಿ ನೀರು ಆಗಲೇ ತುಂಬಿದೆ, ಗಾಳಿಗೆ ಜಾಗ ಇಲ್ಲ, ಅದು ಗಂಟೆಗಟ್ಟಲೆ ನಿಂತಿರುತ್ತದೆ. ಲದ್ದಿಯದ್ದೂ ಬಣ್ಣದ್ದೂ ಏನಾಗುತ್ತದೆ ಅಂತ ಹೇಳೋದಿಲ್ಲ, ನೀವೇ ಬರೆದು ಕಳಿಸಿ, ಮುಂದಿನ ಸಂಚಿಕೆಗೆ ಹಾಕೋಣ. ಕೆಸರನ್ನು ಮಾತ್ರ ಬಾತ್‌ರೂಮಿನ ಪೈಪಿಗೆ ಸುರಿಯಬೇಡಿ. ಕರಿಮಣ್ಣು ಅಲ್ಲಿ ಕೂತು ಉಬ್ಬಿತು ಅಂದರೆ ವಾರ್ಡನ್‌ಗೆ ಮಾಂಟ್‌ಮೊರಿಲೊನೈಟ್ ಬಗ್ಗೆ ವಿವರಿಸೋದು ಕಷ್ಟ. ಬಣ್ಣದ ಎತ್ತನ್ನು ಬೇರೆ ಇಟ್ಟು, ಉಳಿದದ್ದನ್ನು ಹಿಂದಿನ ಬೇವಿನ ಗಿಡದ ಬುಡಕ್ಕೆ ಹಾಕಿ.